ಬಿಯರ್ ಕುದಿಯುವಾಗ ಮೇಲೆ ಯಾರೋ ನಡೆದರು

ಮಾಡದ ತಪ್ಪಿಗೆ ಬೈಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಗೋಳನ್ನು ಕೇಳುವವರೂ ಇದ್ದಾರೆ. ಆದರೆ ಮಾಡದ ಒಳ್ಳೆಯ ಕೆಲಸಕ್ಕೆ ಹೊಗಳಿಸಿಕೊಂಡು ಒಳಗೊಳಗೇ ಒದ್ದಾಡುವವನ ಕಷ್ಟವನ್ನು ಯಾರೂ ವಿಚಾರಿಸುವುದಿಲ್ಲ. ಕಳೆದ ಸಂಕ್ರಾಂತಿಗೆ ಸುತ್ತಮುತ್ತಲ ಕನ್ನಡಿಗರೆಲ್ಲ ಒಂದು ಸ್ಕೂಲಿನ ಹಾಲಿನಲ್ಲಿ ಸೇರಿದ್ದಾಗ ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಗೆಳೆಯನ ಪ್ರಾಣ ಉಳಿಸಿದ ಧೀರ ಎಂದು ಮೈಕಿನಲ್ಲಿ ಸಾರಿದರು. ನನ್ನ ಹೆಂಡತಿ ವೀಣಾ ಫೋಟೋ ತೆಗೆದಳು. ಹದಿನೈದು ವರ್ಷದ ನನ್ನ ಮಗಳು, ಅಪ್ಪನ ಯಾವ ಸಾಧನೆಗೂ ಫೋನಿನಿಂದ ತಲೆ ಎತ್ತದವಳು, ಅವತ್ತು ಎದ್ದು ನಿಂತು ಚಪ್ಪಾಳೆ ಹೊಡೆದಳು. ನಾನು ಕೈಮುಗಿದು ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು. ಅದು ವಿನಯವಾಗಿರಲಿಲ್ಲ.

ಮಹಾಂತೇಶ ನನಗೆ ಪಿಯುಸಿಯಿಂದ ಗೆಳೆಯ. ಬಾಗಲಕೋಟೆ ಕಡೆಯಿಂದ ಮೈಸೂರಿಗೆ ಓದಲು ಬಂದವನು ಹಾಸ್ಟೆಲಿನಲ್ಲಿ ನನ್ನ ರೂಮಿಗೇ ಬಿದ್ದ. ನಾನು ಕಂಪ್ಯೂಟರಿನ ಕಡೆ ಹೋದೆ, ಅವನು ಡಾಕ್ಟರಾದ. ಈಗ ನಾನಿರುವುದು ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ. ಅಲ್ಲಿಂದ ನಾಲ್ಕು ಗಂಟೆ ಡ್ರೈವ್ ಮಾಡಿದರೆ ಆನ್ ಆರ್ಬರ್, ಅಲ್ಲಿನ ಆಸ್ಪತ್ರೆಯಲ್ಲಿ ಅವನು ಅರಿವಳಿಕೆಯ ಡಾಕ್ಟರು. ಆಪರೇಷನ್ನಿಗೆ ಮಲಗಿದವರು ಸರಿಯಾಗಿ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ದಿನವಿಡೀ ನೋಡುತ್ತ ಕೂರುವುದೇ ಅವನ ವೃತ್ತಿ. ಆ ಡಿಸೆಂಬರಿನ ರಜೆಯಲ್ಲಿ ವೀಣಾ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದಳು. ಅವನ ಹೆಂಡತಿ ಸುಜಾತಾ ಮಕ್ಕಳೊಂದಿಗೆ ಡಲ್ಲಾಸಿನ ಅಕ್ಕನ ಮನೆಗೆ ಹೋಗಿದ್ದಳು. ಐವತ್ತರ ಹತ್ತಿರದ ಇಬ್ಬರು ಗಂಡಸರಿಗೆ ಒಂದು ವಾರ ಯಾರೂ ಹೇಳುವವರಿಲ್ಲ ಎಂದರೆ ಏನಾಗಬಹುದೋ ಅದೇ ಆಯಿತು. ಮಹಾಂತೇಶ ಫೋನ್ ಮಾಡಿ, ಬಂದುಬಿಡು, ಮನೆಯಲ್ಲೇ ಬಿಯರ್ ಮಾಡೋಣ ಎಂದ.

ನನಗೂ ಅವನಿಗೂ ಬಿಯರ್ ಮಾಡಿ ಗೊತ್ತಿರಲಿಲ್ಲ. ಆದರೆ ಹುಳಿ ಬರಿಸುವ ವಿಷಯದಲ್ಲಿ ನನಗೆ ನನ್ನದೇ ಆದ ಹೆಮ್ಮೆ ಇದೆ. ಶಿಕಾಗೋದ ಚಳಿಗಾಲದಲ್ಲಿ ದೋಸೆ ಹಿಟ್ಟನ್ನು ಓವನ್ನಿನೊಳಗಿಟ್ಟು, ಅದರ ದೀಪವೊಂದನ್ನೇ ಹಾಕಿ, ಬೆಳಗಾಗುವಷ್ಟರಲ್ಲಿ ಪಾತ್ರೆಯ ಅಂಚು ಮುಟ್ಟುವ ಹಾಗೆ ಉಬ್ಬಿಸಬಲ್ಲೆ. (ಒಮ್ಮೆ ವೀಣಾ ನೋಡದೆ ಓವನ್ ಹಚ್ಚಿಬಿಟ್ಟು ಎರಡು ಕೇಜಿ ತೂಕದ ಒಂದೇ ದೋಸೆ ತಯಾರಾಗಿದ್ದುಂಟು, ಆ ಮಾತು ಬೇಡ.) ಬಿಯರ್ ಎಂದರೂ ಕೊನೆಗೆ ಅಷ್ಟೇ ತಾನೆ: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಬೇಕು, ಆ ಸಿಹಿನೀರನ್ನು ಸೋಸಿ ಒಂದು ಗಂಟೆ ಕುದಿಸಬೇಕು, ಹಾಪ್ಸ್ ಎಂಬ ಕಹಿ ಹೂವು ಹಾಕಬೇಕು, ಆರಿಸಿ, ಯೀಸ್ಟ್ ಬೆರೆಸಿ ಸುಮ್ಮನಿರಬೇಕು. ಸುಮ್ಮನಿರುವುದೊಂದು ನಮ್ಮಿಂದ ಆಗದ ಕೆಲಸ, ಉಳಿದದ್ದು ಆಗುತ್ತದೆ ಎಂದುಕೊಂಡೆ.

ಸಾಮಾನಿನ ಚಿಂತೆಯೇ ಇರಲಿಲ್ಲ. ಮಹಾಂತೇಶ ಆ ಮನೆಯನ್ನು ಕೊಂಡು ಆರು ತಿಂಗಳಾಗಿತ್ತಷ್ಟೆ. ಅದಕ್ಕೆ ಮುಂಚೆ ಅಲ್ಲಿ ಒಬ್ಬ ಮುದುಕ ಒಂಟಿಯಾಗಿ ನಲವತ್ತು ವರ್ಷ ಬಾಳಿ, ಅಲ್ಲೇ ಮಹಡಿಯ ಕೋಣೆಯಲ್ಲಿ ತೀರಿಕೊಂಡಿದ್ದ. ಅವನ ಕಡೆಯವರು ಎಲ್ಲ ಸಾಗಿಸಿದರೂ ಗ್ಯಾರೇಜಿನ ಮೂಲೆಯ ಸರಂಜಾಮನ್ನು ಬಿಟ್ಟು ಹೋಗಿದ್ದರು. ಮದುವೆಮನೆಯ ಸಾರಿನ ಕೊಳದಪ್ಪಲೆಯಷ್ಟು ದೊಡ್ಡ ಸ್ಟೀಲ್ ಪಾತ್ರೆ, ಮೂರು ಕಾಲಿನ ಗ್ಯಾಸ್ ಬರ್ನರು, ಹೊಟ್ಟೆ ದಪ್ಪದ ಗಾಜಿನ ಜಾಡಿ. ಪಾತ್ರೆಯ ಮುಚ್ಚಳಕ್ಕೆ ಟೇಪು ಅಂಟಿಸಿ, ಅದರ ಮೇಲೆ ನಡುಗುವ ಕೈಬರಹದಲ್ಲಿ ಅವಸರ ಮಾಡಬೇಡ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಯಾರಿಗೆ ಬರೆದದ್ದು ಎಂದು ಕೇಳಿದೆ. ಒಂಟಿ ಇದ್ದ ಮನುಷ್ಯ, ತನಗೆ ತಾನೇ ಬರೆದುಕೊಂಡಿರಬೇಕು ಎಂದ ಮಹಾಂತೇಶ. ಸತ್ತವರ ಪಾತ್ರೆಯಲ್ಲಿ ಅಡುಗೆ ಮಾಡುವುದು ನನಗೆ ಅಷ್ಟು ಹಿಡಿಸಲಿಲ್ಲ. ಹಾಗೆಂದು ಹೇಳಿದ್ದರೆ ಅವನು ನಗುತ್ತಿದ್ದ, ಅದಕ್ಕೇ ಪಾತ್ರೆಯನ್ನು ಎರಡು ಸಲ ಜಾಸ್ತಿ ತಿಕ್ಕಿದೆ.

ಮಧ್ಯಾಹ್ನ ಹನ್ನೆರಡಕ್ಕೆ ಬರ್ನರ್ ಹಚ್ಚಿದೆವು. ಹೊರಗೆ ಐದು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಆಕಾಶ ತೊಳೆಯದ ಪಾತ್ರೆಯ ಬಣ್ಣದಲ್ಲಿತ್ತು, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮೊದಲು ಗ್ಯಾರೇಜಿನ ದೊಡ್ಡ ಬಾಗಿಲನ್ನು ಒಂದಡಿ ಎತ್ತಿ ಇಟ್ಟಿದ್ದೆವು. ಅದರ ಕೆಳಗಿನಿಂದ ಗಾಳಿ ನುಗ್ಗಿ ಕಾಲು ಕೊರೆಯತೊಡಗಿದಾಗ ಮಹಾಂತೇಶ ಗುಂಡಿ ಒತ್ತಿ ಅದನ್ನು ಪೂರ್ತಿ ಇಳಿಸಿದ. ಅಡುಗೆಮನೆಯ ಕಡೆಯ ಬಾಗಿಲು ತೆರೆದೇ ಇತ್ತು. ಬಾರ್ಲಿ ಬೆಂದ ವಾಸನೆ ತುಂಬಿ ಗ್ಯಾರೇಜು ಬಾಣಂತಿಯ ಕೋಣೆಯಂತೆ ಬೆಚ್ಚಗಾಯಿತು. ನಾನು ಜಾಕೆಟ್ ಬಿಚ್ಚಿದೆ. ಬಕೆಟ್ ಬೋರಲು ಹಾಕಿ ಕೂತಿದ್ದ ಮಹಾಂತೇಶ ಆ ಜಾಕೆಟ್ಟನ್ನು ಮಡಚಿ ಕೆಳಗೆ ಹಾಕಿಕೊಂಡ. ಮಾತು ಹಾಸ್ಟೆಲಿನ ಮೆಸ್ಸು, ವಾರ್ಡನ್ನು, ಅವನು ಪ್ರೀತಿಸಿದ್ದೆನೆಂದು ಹೇಳಿಕೊಳ್ಳುವ ಇಬ್ಬರು ಹುಡುಗಿಯರ ಸುತ್ತ ಸುತ್ತಿತು.

ಎರಡೂವರೆಯ ಹೊತ್ತಿಗೆ ನನಗೆ ಹಣೆಯ ಎರಡೂ ಕಡೆ ನೋಯತೊಡಗಿತು. ಈ ವಾಸನೆಯೇ ಹೀಗೆ ಎಂದುಕೊಂಡೆ. ಆಮೇಲೆ ಕೇಳಿಸಿತು. ಮೇಲೆ, ಮಹಡಿಯಲ್ಲಿ, ಯಾರೋ ನಡೆಯುತ್ತಿದ್ದರು. ಓಡುವ ನಡಿಗೆಯಲ್ಲ, ಇಲಿಯಲ್ಲ, ಪೈಪಲ್ಲ. ಚಪ್ಪಲಿ ಎಳೆಯುತ್ತ ನಾಲ್ಕು ಹೆಜ್ಜೆ, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಮನೆಯಲ್ಲಿ ನಾವಿಬ್ಬರೇ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು. ಪಾತ್ರೆಯನ್ನೇ ನೋಡುತ್ತ ಸೌಟು ತಿರುಗಿಸಿದೆ. ಆಗ ಮಹಾಂತೇಶ ಕತ್ತು ಎತ್ತದೆ, ಬಹಳ ಮೆಲ್ಲಗೆ ಹೇಳಿದ.

"ಶ್ರೀಕಾಂತಾ, ಮ್ಯಾಲೆ ಯಾರೋ ಅಡ್ಡಾಡಾಕತ್ತಾರಲೇ."

ಒಬ್ಬನಿಗೆ ಕೇಳಿದರೆ ಭ್ರಮೆ. ಇಬ್ಬರಿಗೂ ಕೇಳಿದರೆ ಏನೆನ್ನಬೇಕು? ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಹೆಜ್ಜೆ ಮೆಟ್ಟಿಲವರೆಗೆ ಬಂದು ನಿಂತಿತು. ಅಡುಗೆಮನೆಯ ತೆರೆದ ಬಾಗಿಲಿನಾಚೆ ಕತ್ತಲೆಯಿರಲಿಲ್ಲ, ಮಂಕು ಬೆಳಕಿತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. ಯಾರೋ ನನ್ನ ಬೆನ್ನ ಹಿಂದೆ ನಿಂತು ಪಾತ್ರೆಯೊಳಗೆ ಇಣುಕುತ್ತಿದ್ದಾರೆ, ಸೌಟು ತಿರುಗಿಸುವ ರೀತಿ ಸರಿಯಿಲ್ಲವೆಂದು ಅವರಿಗೆ ಬೇಸರವಾಗಿದೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಸೌಟನ್ನು ಇನ್ನೂ ನಿಧಾನವಾಗಿ ತಿರುಗಿಸಿದೆ.

ಮಹಾಂತೇಶ ವಿಜ್ಞಾನ ಓದಿದವನು. ಹೆದರಿದರೂ ಪದ್ಧತಿ ಬಿಡಲಿಲ್ಲ. ನಮ್ಮ ತಲೆಗೇ ಏನಾದರೂ ಆಗಿರಬಹುದು, ಪರೀಕ್ಷೆ ಮಾಡೋಣ ಎಂದು ಜೇಬಿನಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೆಗೆದ. ಕೋವಿಡ್ಡಿನ ಕಾಲದಿಂದ ಕೆಲವರು ಬೀಗದ ಕೈಯಂತೆ ಅದನ್ನು ಹೊತ್ತು ತಿರುಗುತ್ತಾರಲ್ಲ, ಹಾಗೆ. ತನ್ನ ಬೆರಳಿಗೆ ಹಾಕಿ ನೋಡಿದ, ನನ್ನ ಬೆರಳಿಗೆ ಹಾಕಿ ನೋಡಿದ. ಆಮೇಲೆ ಅವನ ಮುಖ ಗಂಭೀರವಾಯಿತು.

"ಇಬ್ಬರದೂ ತೊಂಬತ್ತೊಂಬತ್ತೈತಿ. ಮಿದುಳಿಗೆ ಆಕ್ಸಿಜನ್ ಚಲೋ ಹೊಂಟೈತಿ. ಅಂದ್ರ ನಾವು ಕೇಳಿದ್ದು ಖರೇನ."

ಹೀಗೆ ಅಮೆರಿಕದ ದೊಡ್ಡ ಆಸ್ಪತ್ರೆಯ ಡಾಕ್ಟರೊಬ್ಬ ಯಂತ್ರ ಹಿಡಿದು ದೆವ್ವ ಇರುವುದನ್ನು ರುಜುವಾತು ಮಾಡಿದ. ಅದಾದ ಮೇಲೆ ನನ್ನಂಥ ಸಾಮಾನ್ಯ ಕಂಪ್ಯೂಟರಿನವನು ಏನು ವಾದ ಮಾಡಲಿ?

ನಾನು ಎದ್ದೆ. ಕಾಲು ನನ್ನದಲ್ಲವೆಂಬಂತೆ ತೂರಾಡಿತು. ಯೀಸ್ಟ್ ಫ್ರಿಜ್ಜಿನಲ್ಲಿದೆ, ತರುತ್ತೇನೆ ಎಂದೆ. ಇದು ಸುಳ್ಳು. ಯೀಸ್ಟ್ ಪೊಟ್ಟಣ ನಮ್ಮಿಬ್ಬರ ಕಣ್ಣೆದುರಿಗೆ ಶೆಲ್ಫಿನ ಮೇಲೇ ಇತ್ತು, ಅವನೂ ಅದನ್ನು ನೋಡಿದ. ಸೌಟು ಅವನ ಕೈಗೆ ಕೊಟ್ಟು, ಅಡುಗೆಮನೆ ದಾಟಿ, ಮೆಟ್ಟಿಲಿನ ಕಡೆ ತಿರುಗಿಯೂ ನೋಡದೆ, ಮುಂಬಾಗಿಲು ತೆಗೆದು ಮನೆಯೊಳಗಿನ ಚಪ್ಪಲಿಯಲ್ಲೇ ಹಿಮಕ್ಕೆ ಇಳಿದುಬಿಟ್ಟೆ. ನನ್ನ ಯೋಜನೆ ಸರಳವಾಗಿತ್ತು: ಕಾರು ಹತ್ತುವುದು, ಹೈವೇ ಸೇರುವುದು, ಲಿಸ್ಲ್ ತಲುಪಿದ ಮೇಲೆ ಮಹಾಂತೇಶನಿಗೆ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸುವುದು. ಮೂವತ್ತು ವರ್ಷದ ಗೆಳೆತನವನ್ನು ದೆವ್ವದ ಕೈಗೊಪ್ಪಿಸಿ ಓಡುತ್ತಿದ್ದೇನೆ ಎಂಬ ಯೋಚನೆ ಬಂದದ್ದು ನಿಜ. ಆದರೆ ಅದು ಬಂದಾಗಲೂ ನನ್ನ ಕಾಲು ನಿಲ್ಲಲಿಲ್ಲ.

ಕಾರಿನ ಹತ್ತಿರ ಜೇಬು ತಡವಿದೆ. ಕೀ ಇರಲಿಲ್ಲ. ಅದು ಜಾಕೆಟ್ಟಿನಲ್ಲಿತ್ತು, ಜಾಕೆಟ್ಟು ಮಹಾಂತೇಶನ ಕೆಳಗಿತ್ತು.

ಆ ಚಳಿಯಲ್ಲಿ ಅಂಗಿಯೊಂದರಲ್ಲಿ ನಿಂತು ಮನೆಯನ್ನು ನೋಡಿದೆ. ಮಹಡಿಯ ಕಿಟಕಿಯ ಪರದೆ ಅಲ್ಲಾಡಿದಂತೆ ಕಂಡಿತು. ಮನೆಯೊಳಗಿನಿಂದ ಹೋಗುವ ಧೈರ್ಯ ನನಗಿರಲಿಲ್ಲ. ಗ್ಯಾರೇಜಿನ ಹೊರಗೋಡೆಯಲ್ಲಿ ನಂಬರ್ ಒತ್ತಿ ಬಾಗಿಲು ತೆಗೆಯುವ ಪೆಟ್ಟಿಗೆಯಿದೆ, ನಂಬರು ಅವನ ದೊಡ್ಡ ಮಗನ ಹುಟ್ಟಿದ ದಿನ. ಬೆರಳು ಮರಗಟ್ಟಿ ಎರಡು ಸಲ ತಪ್ಪಾಗಿ, ಮೂರನೆಯ ಸಲಕ್ಕೆ ದೊಡ್ಡ ಬಾಗಿಲು ಗರಗರ ಎಂದು ಮೇಲೆದ್ದಿತು. ಬಿಸಿ ಹಬೆಯ ಒಂದು ದೊಡ್ಡ ಉಸಿರು ನನ್ನ ಮುಖಕ್ಕೆ ಬಡಿಯಿತು. ಒಳಗೆ ಮಹಾಂತೇಶ ಹಾಗೇ ಬಕೆಟ್ಟಿನ ಮೇಲೆ ಕೂತಿದ್ದ. ಸೌಟು ನೆಲದಲ್ಲಿತ್ತು. ಅವನು ಪಾತ್ರೆಯ ಆಚೆಗಿನ ಖಾಲಿ ಜಾಗವನ್ನು ನೋಡುತ್ತ, ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ, ಹಿರಿಯ ರೋಗಿಯೊಡನೆ ಮಾತಾಡುವಷ್ಟು ಮರ್ಯಾದೆಯಿಂದ ಏನೋ ಹೇಳುತ್ತಿದ್ದ. ನಡುನಡುವೆ ಉತ್ತರಕ್ಕೆಂದು ನಿಲ್ಲುತ್ತಿದ್ದ, ಕೇಳಿಸಿಕೊಂಡವನಂತೆ ತಲೆಯಾಡಿಸುತ್ತಿದ್ದ.

ಏಳು ಎಂದೆ. ಏಳಲಿಲ್ಲ. ಜಾಕೆಟ್ಟಿನ ತೋಳು ಹಿಡಿದು ಎಳೆದೆ. ತೊಂಬತ್ತು ಕೇಜಿಯ ಮನುಷ್ಯ ಅದರ ಮೇಲೆ ಕೂತಿದ್ದರೆ ಜಾಕೆಟ್ಟು ಎಲ್ಲಿ ಬರುತ್ತದೆ? ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ಅವನು ನನ್ನ ಕೊರಳಿಗೆ ಜೋತುಬಿದ್ದ. ಅವನನ್ನು ಬಿಡಿಸಿಕೊಳ್ಳಲು ಹಿಂದಕ್ಕೆ ಹೆಜ್ಜೆಯಿಟ್ಟೆ, ಅವನೂ ಬಂದ. ಹಾಗೆ ಹಿಂದೆ ಹಿಂದೆ ಸರಿಯುತ್ತ ಇಬ್ಬರೂ ಡ್ರೈವ್‌ವೇಯ ಹಿಮದಲ್ಲಿ ಉರುಳಿದೆವು. ಅವನು ಅಲ್ಲೇ ವಾಂತಿ ಮಾಡಿದ. ಒಂದಷ್ಟು ಹೊತ್ತು ಹಿಮದಲ್ಲಿ ಬೋರಲು ಬಿದ್ದಿದ್ದು, ಆಮೇಲೆ ತಲೆಯೆತ್ತಿ, ಬೇರೆಯೇ ಧ್ವನಿಯಲ್ಲಿ, ಡಾಕ್ಟರ ಧ್ವನಿಯಲ್ಲಿ ಎರಡೇ ಶಬ್ದ ಹೇಳಿದ.

"ಕಾರ್ಬನ್ ಮಾನಾಕ್ಸೈಡ್."

ಮುಚ್ಚಿದ ಜಾಗದಲ್ಲಿ ಗ್ಯಾಸು ಉರಿದರೆ ಹುಟ್ಟುವ ವಿಷ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಕಾರಣವಿಲ್ಲದ ಭಯ, ಇಲ್ಲದ ಸದ್ದು, ಇಲ್ಲದ ಜನ, ಕೊನೆಗೆ ನಿದ್ದೆ. ಆ ಗಾಳಿ ರಕ್ತಕ್ಕೆ ಸೇರಿದರೆ ಆಕ್ಸಿಮೀಟರ್ ಅದನ್ನೂ ಆಕ್ಸಿಜನ್ ಎಂದೇ ಎಣಿಸಿ ತೊಂಬತ್ತೊಂಬತ್ತು ತೋರಿಸುತ್ತದಂತೆ. ಇದನ್ನು ಮಹಾಂತೇಶ ಇಪ್ಪತ್ತು ವರ್ಷದಿಂದ ಕಿರಿಯ ಡಾಕ್ಟರುಗಳಿಗೆ ಪಾಠ ಹೇಳುತ್ತ ಬಂದಿದ್ದ. ಅವತ್ತು ಸಂಜೆ ಅದೇ ಕಿರಿಯರು ಅವನ ಮೂಗಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿದರು, ನಗಬಾರದೆಂದು ಬಹಳ ಪ್ರಯತ್ನಪಟ್ಟರು.

ಅದಕ್ಕೆ ಮುಂಚೆ ನಾನು ಫೋನ್ ಮಾಡಿ ಕರೆಸಿದ ಫೈರ್ ಎಂಜಿನ್ ಬಂದು, ಗ್ಯಾಸ್ ನಿಲ್ಲಿಸಿ, ಕಿಟಕಿಯೆಲ್ಲ ತೆಗೆದು, ಕೋಣೆ ಕೋಣೆಗೆ ಮೀಟರ್ ಹಿಡಿದು ನೋಡಿತ್ತು. ಇನ್ನು ಅರ್ಧ ಗಂಟೆಯಾಗಿದ್ದರೆ ನಿಮ್ಮ ಗೆಳೆಯ ಉಳಿಯುತ್ತಿರಲಿಲ್ಲ ಎಂದು ಅವರ ಹಿರಿಯ ನನಗೆ ಹೇಳಿದ. ಚಾವಣಿಯಲ್ಲಿ ಖಾಲಿ ಮೊಳೆ ಕಂಡು, ಹೊಗೆಯೋ ವಿಷಗಾಳಿಯೋ ತುಂಬಿದರೆ ಕೂಗುವ ಅಲಾರಾಂ ಎಲ್ಲಿ ಎಂದು ಕೇಳಿದ. ಅದು ಟವೆಲಿನಲ್ಲಿ ಸುತ್ತಿ ಅಡುಗೆಮನೆಯ ಡ್ರಾಯರಿನಲ್ಲಿತ್ತು. ಸುಜಾತಾ ಒಗ್ಗರಣೆ ಹಾಕಿದಾಗಲೆಲ್ಲ ಅದು ಕಿರುಚುತ್ತಿತ್ತು. ಸಾಸಿವೆ, ಒಣಮೆಣಸಿನಕಾಯಿ, ಇಂಗು ಇವುಗಳ ಸಂಬಂಧವನ್ನು ಆ ಅಮೆರಿಕನ್ನನಿಗೆ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನಾನೇ ಮೂರ್ಛೆ ಹೋಗುವಂತಾಯಿತು. ಅವನೇ ಕೊನೆಗೆ, ನೀವು ಹೊರಗಿದ್ದವರು ಒಳಗೆ ಹೋಗಿ ಗೆಳೆಯನನ್ನು ಎಳೆದು ತಂದಿರಾ ಎಂದು ಕೇಳಿದ. ಹೌದು ಎಂದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ನನ್ನ ಹೆಗಲು ತಟ್ಟಿದ. ಅಲ್ಲಿಂದ ಮಾತು ನನ್ನ ಕೈಮೀರಿ ಓಡಿತು. ಸುಜಾತಾ ಡಲ್ಲಾಸಿನಿಂದ ಫೋನಿನಲ್ಲಿ ಅತ್ತಳು, ನೀವು ನನಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು ಎಂದಳು. ಅಳುವವರ ಮಾತನ್ನು ತಿದ್ದುವುದು ಹೇಗೆ? ಬಿಯರಾಗದ ಆ ಕಷಾಯವನ್ನು ಯಾರೋ ಡ್ರೈವ್‌ವೇಗೆ ಚೆಲ್ಲಿದ್ದರು. ಅದು ಕಂದು ಬಣ್ಣದ ಗಾಜಿನಂತೆ ಹೆಪ್ಪುಗಟ್ಟಿ ಜನವರಿಯಿಡೀ ಇತ್ತಂತೆ, ಬೀದಿಯ ನಾಯಿಗಳೆಲ್ಲ ಮಾಲೀಕರನ್ನು ಎಳೆದುಕೊಂಡು ಬಂದು ನೆಕ್ಕುತ್ತಿದ್ದವಂತೆ.

ಮಾರ್ಚಿನಲ್ಲಿ ಮಹಾಂತೇಶ ಯಾವುದೋ ಕಾನ್ಫರೆನ್ಸಿಗೆಂದು ಶಿಕಾಗೋಗೆ ಬಂದವನು ನಮ್ಮ ಮನೆಗೂ ಬಂದ. ವೀಣಾ ಒಳಗೆ ಬಜ್ಜಿ ಕರಿಯುತ್ತಿದ್ದಳು. ನಾವಿಬ್ಬರೂ ಚಹಾ ಹಿಡಿದು ಕೂತಿದ್ದೆವು. ಅವನು, ಯಾರಿಗೂ ಹೇಳದ ಒಂದು ಮಾತಿದೆ ಎಂದ.

ನಾನು ಯೀಸ್ಟ್ ತರುತ್ತೇನೆಂದು ಎದ್ದು ಹೋದ ಮೇಲೆ ಆ ಮುದುಕ ಬಂದು ಪಾತ್ರೆಯ ಆಚೆ ಕೂತನಂತೆ. ಮೆತ್ತಗಿನ ಮನುಷ್ಯ, ಉಣ್ಣೆಯ ಟೋಪಿ, ಕಾಲಲ್ಲಿ ಹಳೆಯ ಚಪ್ಪಲಿ. ನಿನ್ನ ಗೆಳೆಯ ಎಲ್ಲಿ ಎಂದು ಕೇಳಿದನಂತೆ. ಮಹಾಂತೇಶ, ಅವನು ಓಡಿ ಹೋದ, ಪಿಯುಸಿಯಿಂದ ಬಲ್ಲೆ, ತಿರುಗಿ ಬರುವ ಆಸಾಮಿಯಲ್ಲ ಎಂದನಂತೆ.

"ಅದಕ್ಕ ಆ ಅಂಕಲ್ ನಕ್ಕು, 'ಬರ್ತಾನ ತಡಿ, ಕಾರಿನ ಕೀಲಿ ನಿನ್ನ ಕೆಳಗೈತಿ' ಅಂದ," ಎಂದು ಹೇಳಿ ಮಹಾಂತೇಶ ನನ್ನ ಮುಖವನ್ನೇ ನೋಡಿದ. "ನಂಗ ಕೀಲಿ ವಿಷಯ ಗೊತ್ತಿರಲಿಲ್ಲ. ಖರೇ ಹೇಳು, ಅದಕ್ಕ ಬಂದಿದ್ಯಾ?"

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಒಳಗಿನಿಂದ ವೀಣಾ, ಬಜ್ಜಿ ಇನ್ನೊಂದು ಒಬ್ಬೆ ಬೇಕಾ ಎಂದು ಕೂಗಿ ಕೇಳಿದಳು. ನಾನು ಡಾಕ್ಟರಲ್ಲ. ಆದರೂ ಗೆಳೆಯನ ಭುಜದ ಮೇಲೆ ಕೈಯಿಟ್ಟು, ಇಷ್ಟು ವರ್ಷ ಅವನು ತನ್ನ ರೋಗಿಗಳಿಗೆ ಹೇಳಿರಬಹುದಾದ ಧಾಟಿಯಲ್ಲೇ, ಅದೆಲ್ಲ ಗ್ಯಾಸಿನ ಪ್ರಭಾವ ಕಣೋ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ.