ಮಳೆ ಬಂದರೆ ಕೂಗುವ ಡಬ್ಬಿ

ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ, ಆದರೆ ಸ್ಕ್ರೂಡ್ರೈವರ್ ಹಿಡಿದವನಲ್ಲ. ವಿದ್ಯುತ್ತನ್ನು ಏನಿದ್ದರೂ ಸೀಮೆಸುಣ್ಣದಲ್ಲೇ ಹರಿಸಿದ್ದು. ಅಂಥ ನನ್ನನ್ನು ಹಾಸನಕ್ಕೆ ಎರಡು ದಿನದ ತರಬೇತಿಗೆ ಕಳಿಸಿದರು. ಮಕ್ಕಳು ಕಿವಿಯಿಂದ ಕಲಿತದ್ದು ಸಾಕು, ಇನ್ನು ಕೈಯಿಂದ ಕಲಿಯಲಿ ಎಂದರು. ವಾಪಸಾಗುವಾಗ ಬಸ್ಸು ಆಲೂರು ದಾಟುವಷ್ಟರಲ್ಲಿ ನನ್ನ ಸಂಕಲ್ಪ ಗಟ್ಟಿಯಾಗಿತ್ತು. ತಂತ್ರಜ್ಞಾನದ ಮಹಾಕ್ರಾಂತಿ ಹೆಗ್ಗದ್ದೆಯ ನಮ್ಮ ಮನೆಯಿಂದಲೇ ಶುರು! ಮೊದಲ ಶಿಷ್ಯೆ, ಒಂಬತ್ತನೇ ಕ್ಲಾಸಿನ ಮಗಳು ರಶ್ಮಿತಾ.

"ಏನು ಮಾಡೋಣ ಹೇಳಮ್ಮ" ಎಂದೆ.

"ಮಳೆ ಬಂದ್ರೆ ಕೂಗೋ ಡಬ್ಬಿ ಮಾಡಣ ಕಣಪ್ಪ. ಮೋಡ ನೋಡಿ ನೋಡಿ ಅಮ್ಮನ ಕತ್ತೇ ಉಳುಕೈತೆ."

ಅದು ಜನವರಿ. ವರ್ಷದ ಕಾಫಿಯೆಲ್ಲ ಕಣದಲ್ಲಿ ಒಣಗುತ್ತಿತ್ತು. ಈಚೆಗೆ ಮಳೆಯೂ ಹೇಳದೆ ಕೇಳದೆ ಬರುವ ನೆಂಟನಾಗಿಬಿಟ್ಟಿದೆ. ಒಂದು ಸಲ ನೆನೆದರೆ ಕಾಫಿಗೆ ಬೂಷ್ಟು ಗ್ಯಾರಂಟಿ. ತೋಟದ ಸರ್ವಾಧಿಕಾರಿ, ನನ್ನ ಶ್ರೀಮತಿ ರಾಜಲಕ್ಷ್ಮಮ್ಮನವರು ಷರತ್ತು ಹಾಕಿದರು.

"ಆಟ ಆಡ್ಕಳಿ. ನನ್ನ ಕಾಫಿ ನೆನೀತೋ, ನಿಮ್ಮ ವೈರು, ಡಬ್ಬಿ, ಇವಳ ಎಕ್ಸಿಬಿಷನ್ನು ಎಲ್ಲಾ ಗುಜರಿಗೆ."

ತಾಲ್ಲೂಕು ವಿಜ್ಞಾನ ಪ್ರದರ್ಶನಕ್ಕೆ ಹೋಗಬೇಕೆಂದು ರಶ್ಮಿತಾ ಕನಸು ಕಾಣುತ್ತಿದ್ದಳು. ಹಾಗಾಗಿ ಆ ಮಾತಿಗೆ ಅವಳ ಮುಖ ಸಣ್ಣದಾಯಿತು.

ಹಲಗೆಯ ಮೇಲೆ ಎರಡು ತಂತಿ ಪಕ್ಕಪಕ್ಕ ಕೂರಿಸಿದೆವು. ಹನಿ ಬಿದ್ದರೆ ಎರಡರ ನಡುವೆ ವಿದ್ಯುತ್ ಹರಿದು ಡಬ್ಬಿ ಕೂಗಬೇಕು. ಬೆಸುಗೆ ಹಾಕಿದ್ದು ಅವಳು, ಉಪದೇಶ ಮಾಡಿದ್ದು ನಾನು. ಅವಳು ಪುಟ್ಟ ಬಜರ್ ಸಾಕೆಂದಳು.

"ಕೀಂ ಅಂದ್ರೆ ಯಾರಿಗೆ ಕೇಳ್ತದೆ? ಊರಿಗೇ ಕೇಳ್ಬೇಕು!" ಎಂದು ಸಕಲೇಶಪುರದಿಂದ ಭಾರೀ ಸೈರನ್ ತಂದು ಜೋಡಿಸಿದೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮುದ್ದೆ ಉಂಡು ಮಲಗಿದ್ದೆ. ಮೊದಲ ಹನಿ ಬಿತ್ತು, ಸೈರನ್ ಕೂಗಿತು. ನಾನು ಮರೆತಿದ್ದು ಒಂದೇ ವಿಷಯ. ನಮ್ಮ ಕಡೆ ಸೈರನ್ ಕೂಗಿತೆಂದರೆ ಆನೆ ಬಂತೆಂದೇ ಅರ್ಥ.

ಕಣದಲ್ಲಿ ಕಾಫಿ ಕೆದಕುತ್ತಿದ್ದ ಕೆಂಚಮ್ಮ ಕೆಲಸ ಬಿಟ್ಟು ಸ್ಟೋರಿಗೆ ಓಡಿ ಒಳಗಿನಿಂದ ಚಿಲಕ ಜಡಿದುಕೊಂಡಳು. ಟಾರ್ಪಲ್ ಇದ್ದದ್ದೂ ಅದೇ ಸ್ಟೋರಿನಲ್ಲಿ. ತರಕಾರಿ ಮಾರುವ ಅಣ್ಣಯ್ಯ ಆಟೊವನ್ನು ನಡುರಸ್ತೆಯಲ್ಲಿ ಬಿಟ್ಟು ನಮ್ಮ ಅಡಿಗೆಮನೆಗೆ ನುಗ್ಗಿದ. ರಾಜಲಕ್ಷ್ಮಮ್ಮನವರು ಬಾಗಿಲು ಹಾಕಿ ಅಗುಳಿ ಬಿಗಿದರು. ಅಣ್ಣಯ್ಯ ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನ್ ಹಚ್ಚಿದ. "ಬೇಗ ಬನ್ನಿ ಸಾರ್, ಎರಡು ಐತೆ!" ಆ ಎರಡನ್ನು ಅವನು ಎಲ್ಲಿ ಎಣಿಸಿದನೋ ಕಾಣೆ.

ಇನ್ನು ಡಬ್ಬಿಯ ಮಹಾಶಿಲ್ಪಿ? ಬಚ್ಚಲಲ್ಲಿ, ಹಂಡೆಯ ಹಿಂದೆ.

ಹೊರಗಿದ್ದ ರಶ್ಮಿತಾ ಬಚ್ಚಲ ಕಿಟಕಿ ಬಡಿಯುತ್ತಿದ್ದಳು. "ಅಪ್ಪ, ಆನೆ ಅಲ್ಲ, ನಮ್ಮ ಡಬ್ಬಿ ಕಣಪ್ಪ! ಮಳೆ!"

"ಮೆತ್ತಗೆ ಮಾತಾಡೇ, ಅದಕ್ಕೆ ಕೇಳಿಸ್ಬುಟ್ಟಾತು" ಎಂದೆ.

ಪಾಪ, ಕೂಸು ಗೋಣಿಚೀಲ ಎಳೆದೆಳೆದು ಒಬ್ಬಳೇ ಮುಚ್ಚಿದಳು. ಆದರೂ ಕಾಲುಭಾಗ ಕಾಫಿ ನೆನೆಯಿತು. ಇಲಾಖೆಯವರು ಜೀಪಿನಲ್ಲಿ ಬಂದು, ಎರಡು ಆನೆಗಳನ್ನು ಹುಡುಕಿ, ನಮ್ಮ ಮನೆಯ ಕಾಫಿ ಕುಡಿದು ಹೋದರು.

"ಗುಜರಿಯವನು ಯಾವಾಗ ಬರ್ತಾನೆ?" ಎಂದರು ಶ್ರೀಮತಿಯವರು.

ರಶ್ಮಿತಾಳ ಕಣ್ಣು ತುಂಬಿತ್ತು. ಮಾತು ಮಾತ್ರ ನೆಟ್ಟಗಿತ್ತು. "ಅಮ್ಮ, ಡಬ್ಬಿ ಸರಿಯಾಗೇ ಕೆಲಸ ಮಾಡ್ತು. ಮೊದಲ್ನೇ ಹನಿಗೇ ಕೂಗ್ತು. ಕೂಗಿದ ದನಿ ತಪ್ಪು, ಅಷ್ಟೇ. ಇನ್ನೊಂದು ಸಲ ಮಾಡ್ತೀನಿ."

ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ. ಸೋತ ಮೇಲೆ 'ಇನ್ನೊಂದು ಸಲ' ಎಂದು ಕೇಳಿದವರನ್ನು ಕಂಡಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಅವಳಮ್ಮ ಅವಳ ಬೆರಳಿನ ಸುಟ್ಟ ಕಲೆಗಳನ್ನು ನೋಡುತ್ತ ನಿಂತರು.

"ಒಂದೇ ಸಲ. ನಿಮ್ಮಪ್ಪನ್ನ ಹತ್ರ ಸೇರಿಸ್ಬೇಡ."

ರಶ್ಮಿತಾ ಸೈರನ್ ಕಿತ್ತಳು. ಅಣ್ಣಯ್ಯ "ಟೊಮೇಟೊ, ಬೀನ್ಸು" ಎಂದು ರೆಕಾರ್ಡ್ ಮಾಡಿ ಕೂಗಿಸುವ ಮೈಕನ್ನು ಕೇಳಿ ತಂದಳು. ನಾಲ್ಕು ದಿನ ಏನೇನೋ ಬಿಚ್ಚಿದಳು, ಕಟ್ಟಿದಳು. ನಾನು ದೂರದಿಂದಲೇ ನೋಡಿದೆ.

ಮುಂದಿನ ಭಾನುವಾರ. ಮತ್ತೆ ಮುದ್ದೆ, ಮತ್ತೆ ನಿದ್ದೆ.

"ಏನ್ರೀ, ಇನ್ನೂ ಬಿದ್ಕಂಡಿದೀರಾ? ಕಾಫಿ ನೆನೀತಾ ಐತೆ, ಏಳ್ರೀ ಮೇಲೆ!"

ಪಂಚೆ ಎತ್ತಿ ಕಟ್ಟಿದ್ದು ಯಾವಾಗ, ಕಣ ತಲುಪಿದ್ದು ಯಾವಾಗ, ಗೊತ್ತಿಲ್ಲ. ಕೆಂಚಮ್ಮ ಟಾರ್ಪಲ್ ತಂದಳು. ಅಣ್ಣಯ್ಯ ಆಟೊ ಬಿಟ್ಟು ಬಂದ. ಬೇಲಿಯಾಚೆಯ ಮನೆಯ ಗಂಡಸರೂ ಓಡಿ ಬಂದರು. ಐದೇ ನಿಮಿಷದಲ್ಲಿ ಕಣವೆಲ್ಲ ಮುಚ್ಚಿತು. ಒಂದು ಕಾಳೂ ನೆನೆಯಲಿಲ್ಲ.

ಆಗ ನೋಡಿದರೆ ರಾಜಲಕ್ಷ್ಮಮ್ಮನವರು ಛತ್ರಿ ಹಿಡಿದು, ಬಸ್ಸಿಳಿದು ಗೇಟಿನಲ್ಲಿ ಬರುತ್ತಿದ್ದಾರೆ! ಮೈಕು ಇನ್ನೂ ನನ್ನನ್ನು ಬೈಯುತ್ತಲೇ ಇತ್ತು. ಮೋಡ ಕಂಡಾಗಲೆಲ್ಲ ಅವರು ನನ್ನನ್ನು ಹೀಗೆ ಹೆದರಿಸಿಯೇ ಎಬ್ಬಿಸುವುದು; ಅದನ್ನು ಮಗಳು ಬಾಗಿಲ ಸಂದಿಯಲ್ಲಿ ನಿಂತು ರೆಕಾರ್ಡ್ ಮಾಡಿದ್ದಳಂತೆ. ಅವರು ತಮ್ಮದೇ ಬೈಗುಳವನ್ನು ಪೂರ್ತಿ ಕೇಳಿದರು. ಮುಚ್ಚಿದ ಕಣ ನೋಡಿದರು. ಮಗಳ ತಲೆ ನೇವರಿಸಿ, "ಫಾರಂ ತುಂಬು ಹೋಗು" ಎಂದರು.

ಸಂಜೆ ರಶ್ಮಿತಾ ಪ್ರದರ್ಶನದ ಫಾರಂ ತುಂಬಿ ತಂದಳು. 'ಮಾರ್ಗದರ್ಶಕರು' ಎಂಬಲ್ಲಿ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದೆ. ಅಲ್ಲಿ ಆಗಲೇ ಬರೆದಿತ್ತು: ರಾಜಲಕ್ಷ್ಮಮ್ಮ.

"ನಾನು?" ಎಂದೆ.

"ನೀನೂ ಇದೀಯ ಕಣಪ್ಪ. ಕೆಳಗೆ ನೋಡು."

ನೋಡಿದೆ. 'ಪ್ರಯೋಗದ ಫಲಿತಾಂಶ: ಸೈರನ್ ಹಾಕಿದಾಗ ಅಪ್ಪ ಹಂಡೆಯ ಹಿಂದೆ ಹೋದರು. ಅಮ್ಮನ ದನಿ ಹಾಕಿದಾಗ ಕಣಕ್ಕೆ ಬಂದರು.'