ಅತ್ತೆಯನ್ನು ಕೂರಿಸಿದ ಅಳಿಯ

ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ತಿಪ್ಪೇಶನಿಗೆ ಭಾರ ಎತ್ತುವ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿಲ್ಲ. ಯೂರಿಯಾ ಚೀಲ ಹೊತ್ತು ಬೆಳೆದ ದೇಹ (ಈಚೆಗೆ ಹೊಟ್ಟೆಯ ಕಡೆಗೂ ಒಂದಿಷ್ಟು ಬೆಳೆದಿದೆ). ಅಂಥವನ ಕೈಯಲ್ಲಿ, ಸೊಂಟದ ಮೂಳೆಗೆ ಆಪರೇಷನ್ ಆಗಿ ಉಳವಿಯಿಂದ ಮಗಳ ಮನೆಗೆ ಬಂದು ಮಲಗಿದ್ದ ಅತ್ತೆ ಯಮುನಮ್ಮನನ್ನು ಮಂಚದ ಮೇಲೆ ಎಬ್ಬಿಸಿ ಕೂರಿಸಲು ಆಗುತ್ತಿರಲಿಲ್ಲ.

ಕೂರಿಸಲೇಬೇಕಿತ್ತು. "ಹೀಗೇ ಮಲಗಿದ್ರೆ ಬೆನ್ನು ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟುತ್ತೆ. ಮತ್ತೆ ಆಸ್ಪತ್ರೆಗೇ ಹೋಗ್ಬೇಕಾಗುತ್ತೆ," ಎಂದು ಮನೆಗೆ ಬರುವ ನರ್ಸ್ ಚೈತ್ರಶ್ರೀ ಎಚ್ಚರಿಸಿದ್ದಳು. ಕ್ರಮವನ್ನೂ ತೋರಿಸಿದ್ದಳು: ನೋವಿಲ್ಲದ ಮಗ್ಗುಲಿಗೆ ಹೊರಳಿಸಿ, ಕಾಲು ಇಳಿಬಿಟ್ಟು, ಮೊಣಕೈ ಊರಿಸಿ ಏಳಿಸಬೇಕು. ಕೈ ಹಿಡಿದು ಎಳೆಯಬಾರದು, ಒಬ್ಬರೇ ಎತ್ತಲೂಬಾರದು.

ಯಮುನಮ್ಮ ಜಪ್ಪಯ್ಯ ಎಂದರೂ ಏಳಲಿಲ್ಲ. ದಿನವೂ ತಿಪ್ಪೇಶ ಮಂಚದ ಎದುರು ಸಾಹೇಬರ ಹಾಗೆ ನಿಂತು ಉಸ್ತುವಾರಿ ನೋಡುವನು. ಅತ್ತೆ ಮುಖಕ್ಕೆ ಸೆರಗೆಳೆದುಕೊಂಡು, "ಆಗಲ್ಲ ಕಣೇ," ಎಂದು ಮಗಳು ವಾಣಿಶ್ರೀಗೆ ಹೇಳುವರು. ಅಳಿಯನೊಂದಿಗೆ ನೇರ ಮಾತಾಡಿದ ದಾಖಲೆ ಇಲ್ಲ.

ಆವತ್ತು ತಿಪ್ಪೇಶನ ತಾಳ್ಮೆ ಕೆಟ್ಟಿತು. "ನೀನು ಆ ಕಡೆ ಸರ್ಕೊ. ದಿನಾ ಚೀಲ ಎತ್ತೋನಿಗೆ ನಿಮ್ಮವ್ವ ಯಾವ ಲೆಕ್ಕ?"

"ರೀ, ಚೀಲ ನಾಚ್ಕೊಳಲ್ಲ ರೀ! ಒಬ್ರೇ ಎತ್ತಬಾರ್ದು ಅಂತ ನರ್ಸ್ ಹೇಳಿಲ್ವಾ?"

"ಅದೆಲ್ಲ ಕೈಲಾಗದೋರಿಗೆ," ಎಂದು ಬಗ್ಗಿದ. ಅತ್ತೆಯನ್ನು ಮುಟ್ಟುವ ಮೊದಲೇ ಅವನ ಸೊಂಟ ಚಟ್ ಎಂದಿತು. ಗೊಬ್ಬರ ಸಾಮ್ರಾಜ್ಯದ ಅಧಿಪತಿ ನೆಲದ ಮೇಲೆ ಅಂಗಾತ ಬಿದ್ದ.

"ಅಯ್ಯೋ ಶಿವನೇ! ಅಳಿಯಂದ್ರು ನೆಲದ್ ಮೇಲೆ, ನಾನು ಮಂಚದ್ ಮೇಲಾ?"

ಯಮುನಮ್ಮ ಮಗ್ಗುಲಾದರು, ಕಾಲು ಇಳಿಬಿಟ್ಟರು, ಮೊಣಕೈ ಊರಿ ನೆಟ್ಟಗೆ ಕೂತೇಬಿಟ್ಟರು. ವಾಣಿಶ್ರೀ ಓಡಿಬಂದು ಹೆಗಲು ಹಿಡಿಯದಿದ್ದರೆ ಇಳಿದೂ ಬಿಡುತ್ತಿದ್ದರು.

"ಅವ್ವಾ! ಇಷ್ಟು ದಿನ ಆಗಲ್ಲ ಅಂತಿದ್ದೆ?"

"ಅಳಿಯಂದ್ರು ಎದುರಿಗೆ ನಿಂತಿರ್ವಾಗ ಮಂಚದಲ್ಲಿ ಕಾಲು ಇಳಿಬಿಟ್ಕೊಂಡು ಕೂರಕ್ಕಾಗುತ್ತೇನೇ? ಅವ್ರು ಆಚೆ ಹೋಗಿದ್ರೆ ಮೊದಲ್ನೇ ದಿನಾನೇ ಕೂರ್ತಿದ್ದೆ."

ತಿಪ್ಪೇಶನಿಗೆ ಸೊಂಟಕ್ಕಿಂತ ಈ ಮಾತೇ ಹೆಚ್ಚು ನೋಯಿತು. ಆದರೆ ಎದ್ದು ಹೊರಗೆ ಹೋಗಲು ಸೊಂಟ ಒಪ್ಪಲಿಲ್ಲ. ಅವನನ್ನು ಎಬ್ಬಿಸಲು ಬಗ್ಗಿದ ಮಗಳಿಗೆ ಅತ್ತೆ, "ಕೈ ಹಿಡಿದು ಎಳೀಬೇಡ, ಮಗ್ಗುಲಿಗೆ ಹೊರಳ್ಸು," ಎನ್ನುತ್ತಿದ್ದುದನ್ನು ಕೇಳುತ್ತಾ ಮಲಗಿದ್ದ.

ಮರುದಿನ ಬಂದ ಚೈತ್ರಶ್ರೀಗೆ ಖುಷಿಯೋ ಖುಷಿ. "ಭಲೇ ಅಜ್ಜಿ! ನಾಳೆಯಿಂದ ಎದ್ದು ನಿಲ್ಲೋದು ಕಲಿಯೋಣ."

ವಾಣಿಶ್ರೀ ಚಾಪೆಯ ಮೇಲಿದ್ದ ಗಂಡನ ಕಡೆ ತಿರುಗಿದಳು.

"ಏನ್ರೀ, ನಾಳೆ ಅಂಗಡಿಗೆ ಹೋಗ್ತೀರೋ, ಇಲ್ಲಾ ಇನ್ನೊಂದ್ಸಲ ಬೀಳ್ತೀರೋ?"