ಮೂವತ್ತಾರು ಚಿಪ್‌ಗಳಿಗೆ ಕುಂಕುಮ

ನಮ್ಮ ಅತ್ತೆಯ ಪರೀಕ್ಷೆಯಲ್ಲಿ ಪಾಸಾಗದೆ ಒಂದು ತೆಂಗಿನಕಾಯಿಯೂ ನಮ್ಮ ಮನೆಯ ಹೊಸಿಲು ದಾಟಿದ್ದಿಲ್ಲ. ಹಾಗಾದರೆ ನೀನು ಹೇಗಪ್ಪಾ ಒಳಗೆ ಬಂದೆ ಎಂದು ನೀವು ಕೇಳಬಹುದು. ನಾನು ಹುಟ್ಟಿದ ವಾರ ಅವರು ಊರಲ್ಲಿರಲಿಲ್ಲ!

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾದ ಮೂರನೇ ವರ್ಷಕ್ಕೇ ಮಾವ ತೀರಿಕೊಂಡು, ಅತ್ತೆ ನಮ್ಮ ಮನೆಗೇ ವಾಪಸ್ ಬಂದರು. ಮಾವ ಕೆಲಸಕ್ಕಿದ್ದ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯವರು ಅತ್ತೆಗೆ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಕೆಲಸ ಕೊಟ್ಟರು. ಬಸವನಗುಡಿಯ ನಮ್ಮ ವಠಾರದ ನೆಮ್ಮದಿ ಹೋದದ್ದು ಅಂದಿನಿಂದಲೇ. ಎಂಟು ಗಂಟೆ ಟೆಸ್ಟ್ ಮಾಡಿದ್ದು ಸಾಲದೆ ಅತ್ತೆ ಅದನ್ನು ಮನೆಗೂ ತಂದರು. ಅವರ ಸೂತ್ರ ಒಂದೇ: "ಏನಾದ್ರೂ ಕೊಡು, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳು. ಕೊಟ್ಟಿದ್ದೇ ಬಂದ್ರೆ ಪಾಸು, ಇಲ್ದಿದ್ರೆ ಫೇಲು."

ಅಕ್ಕನನ್ನು ನೋಡಲು ಮಲ್ಲೇಶ್ವರದಿಂದ ಒಬ್ಬ ಹುಡುಗ ಬಂದಿದ್ದ. ಅತ್ತೆ ಬಲು ಪ್ರೀತಿಯಿಂದ, "ಬೆಳಿಗ್ಗೆ ಏನ್ ತಿಂಡಿ ತಿಂದ್ರಿ?" ಎಂದರು. "ಅವಲಕ್ಕಿ" ಎಂದ. ಕಾಲು ಗಂಟೆ ಬಿಟ್ಟು ಕೇಸರಿಬಾತು ಬಡಿಸುತ್ತಾ ಮತ್ತೆ ಅದೇ ಪ್ರಶ್ನೆ. ಮತ್ತೆ ಅವಲಕ್ಕಿ. ಪಾಪ, ಹೊರಟು ನಿಂತು ಚಪ್ಪಲಿ ಮೆಟ್ಟುವಾಗ ಮೂರನೇ ಸಲ ಕೇಳಿದರೆ ಹುಡುಗ ಗಲಿಬಿಲಿಗೊಂಡು "ಉಪ್ಪಿಟ್ಟು" ಎಂದುಬಿಟ್ಟ! ಅವನು ಬೀದಿಯ ತಿರುವು ದಾಟುವುದನ್ನೇ ಕಾಯುತ್ತಿದ್ದ ಅತ್ತೆ, "ಬೇಡ. ಕೆಟ್ಟ ಚಿಪ್ಪಿನ ಥರ, ಬಿಸಿ ಆದ್ಮೇಲೆ ತಪ್ಪು ಹೇಳ್ತಾನೆ" ಎಂದು ತೀರ್ಪು ಕೊಟ್ಟರು. ಸಂಬಂಧ ಅಲ್ಲಿಗೇ ಮುಗಿಯಿತು.

ಆದರೆ ಒಂದು ಮಾತು ಹೇಳಲೇಬೇಕು. ಇಷ್ಟು ವರ್ಷದ ಸರ್ವೀಸಿನಲ್ಲಿ ಅತ್ತೆ ಒಂದೇ ಒಂದು ಸುಳ್ಳು ರಿಪೋರ್ಟ್ ಬರೆದವರಲ್ಲ. ಸೆಕ್ಷನ್ನಿನ ಸಾಹೇಬರೇ ಬಂದು ಕೈಮುಗಿದರೂ ಫೇಲಾದದ್ದು ಫೇಲೇ.

ಇಂಥ ಅತ್ತೆ ಜೀವಮಾನದಲ್ಲಿ ಟೆಸ್ಟ್ ಮಾಡದೆ ಶಿಫಾರಸು ಮಾಡಿದ ಏಕೈಕ ವಸ್ತು ನಾನು. ಬಿ.ಎಸ್‌ಸಿ. ಮುಗಿಸಿ ಮೂರು ವರ್ಷ ಗಾಂಧಿಬಜಾರಿನ ಉದ್ದಗಲ ಅಳೆಯುತ್ತಿದ್ದೆ. ಆಗ ಬೆಂಗಳೂರಿಗೆ ಕಂಪ್ಯೂಟರ್ ಹುಚ್ಚು ಹೊಸದು. ಮಾಮೂಲ್‌ಪೇಟೆಯಲ್ಲಿ ಕಾಗದದ ವ್ಯಾಪಾರ ಮಾಡುತ್ತಿದ್ದ, ಹಣೆ ತುಂಬ ವಿಭೂತಿಯ ಹಿರಿಯರೊಬ್ಬರು ಚಾಮರಾಜಪೇಟೆಯ ಒಂದು ಮಹಡಿಯಲ್ಲಿ ಕಂಪ್ಯೂಟರ್ ಶಾಲೆ ತೆರೆದಿದ್ದರು. ಯಾವುದೋ ಆಫೀಸು ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್ ಒಂದು, ವಿದ್ಯಾರ್ಥಿಗಳು ಹದಿನೆಂಟು. ಅತ್ತೆ ಅವರ ಬಳಿ ಹೋಗಿ, "ನಮ್ಮಣ್ಣನ ಮಗ. ಜವಾಬ್ದಾರಿ ಇದೆ" ಎಂದರು. ಮೇಷ್ಟ್ರ ಕೆಲಸ ಸಿಕ್ಕಿತು. ಜವಾಬ್ದಾರಿಯ ಮಾತು ಕೇಳಿ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ನಾನೇ!

ಆಯುಧಪೂಜೆ ಬಂತು. ಮಾಲೀಕರು ಅತ್ತೆಯನ್ನೂ ಕರೆದಿದ್ದರು. ಶುಭಕಾರ್ಯವೆಂದರೆ ಅತ್ತೆಯ ಜಾಗ ಬಾಗಿಲ ಪಕ್ಕದ ಕುರ್ಚಿ. ಅಂದೂ ಅಲ್ಲೇ ಕೂತರು. ಮಾಲೀಕರು ಕುಂಬಳಕಾಯಿ ಒಡೆಯಲು ಹುಡುಗರೊಂದಿಗೆ ಕೆಳಗಿಳಿದರು, ಅತ್ತೆ ಬಾಗಿಲಿನಿಂದ ಅದನ್ನೇ ನೋಡುತ್ತಿದ್ದರು. ಲೋಕದ ಜನ ಸ್ಕೂಟರಿಗೆ, ಹೊಲಿಗೆ ಮೆಷೀನಿಗೆ ಹೊರಗಿನಿಂದ ಕುಂಕುಮ ಇಡುತ್ತಾರೆ. ನಾನು ಓದಿದವನಲ್ಲವೇ? ಕಂಪ್ಯೂಟರಿನ ಪೆಟ್ಟಿಗೆಯ ಮುಚ್ಚಳವನ್ನೇ ಬಿಚ್ಚಿದೆ. ಒಳಗಿನ ದೊಡ್ಡ ಬೋರ್ಡಿನ ಮೇಲೆ ಒಂಬತ್ತೊಂಬತ್ತರ ನಾಲ್ಕು ಸಾಲು ಮೆಮೊರಿ ಚಿಪ್. ಮೂವತ್ತಾರಕ್ಕೂ ಗಂಧ ಹಚ್ಚಿ, ಕುಂಕುಮ ಇಟ್ಟು, ಏನೂ ಮಾಡದವನಂತೆ ಮುಚ್ಚಿದೆ. ಕೈ ಧಾರಾಳ, ಗಂಧ ನೀರುನೀರು.

ಎರಡು ದಿನ ಬಿಟ್ಟು ಸ್ವಿಚ್ ಒತ್ತಿದರೆ ಪರದೆ ಕಪ್ಪಗೆ ನನ್ನನ್ನೇ ನೋಡುತ್ತಿತ್ತು. ಗಾಬರಿಯಲ್ಲಿ ಪಂಚೆಯ ತುದಿಯಿಂದ ಚಿಪ್‌ಗಳನ್ನೆಲ್ಲ ಒರೆಸಿದೆ. ಊಹೂಂ! ಮಾಲೀಕರಿಗೆ, "ವೋಲ್ಟೇಜ್ ಸಾರ್, ಚಾಮರಾಜಪೇಟೆ ವೋಲ್ಟೇಜೇ ಸರಿ ಇಲ್ಲ" ಎಂದೆ. ಅವರು ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ವೋಲ್ಟೇಜ್ ಬಂದು ಸ್ಕ್ರೂ ಬಿಚ್ತಾ? ಸೋಮವಾರ ಹುಡುಗ್ರಿಗೆ ಪರೀಕ್ಷೆ ಇದೆ. ಒಳಗೆ ಕೈ ಹಾಕಿದ್ದು ಯಾರು ಅಂತ ಗೊತ್ತಾಗ್ಲಿ, ಅವತ್ತೇ ಮನೆಗೆ ಕಳಿಸ್ತೀನಿ" ಎಂದರು. ನನ್ನ ಕೆಲಸ ಹೋಗುವುದಿರಲಿ, ಅತ್ತೆಯ ಮಾತೂ ನನ್ನ ಜೊತೆಗೇ ಹೋಗುತ್ತಿತ್ತು. ಅತ್ತೆಗೆ ಹೇಳಿಬಿಡೋಣವೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಕಾಫಿ ಕುಡಿದು ಮುಚ್ಚಿದೆ.

ಭಾನುವಾರ ಮಾಲೀಕರು ರಿಪೇರಿಗೆ ಕರೆದದ್ದು ಬೇರೆ ಯಾರನ್ನೂ ಅಲ್ಲ, ಅತ್ತೆಯನ್ನೇ! ಅವರು ಗೆಳತಿಯೊಬ್ಬರಿಂದ ಎರವಲು ತಂದ ಒಂದು ಟೆಸ್ಟಿಂಗ್ ಚಿಪ್ಪನ್ನು ಹತ್ತಿಯಲ್ಲಿ ಸುತ್ತಿ, ಹಳೆಯ ಕುಂಕುಮದ ಭರಣಿಯಲ್ಲಿಟ್ಟುಕೊಂಡು ಬಂದರು. ಖಾಲಿ ಬಿದ್ದಿದ್ದ ಭರಣಿ ಅದು. ಮೆಷೀನನ್ನು ಎಬ್ಬಿಸುವ ಚಿಪ್ಪನ್ನು ಕಿತ್ತು, ಆ ಜಾಗದಲ್ಲಿ ಇದನ್ನು ಕೂರಿಸಿದರು. ಪರದೆ ಬೆಳಗಿತು!

"ಇದು ಏನ್ ಮಾಡುತ್ತಮ್ಮಾ?" ಎಂದರು ಮಾಲೀಕರು.

"ಒಂದೊಂದು ಚಿಪ್ಪಿಗೂ ಒಂದು ಅಂಕಿ ಕೊಡುತ್ತೆ ಸ್ವಾಮಿ, ಆಮೇಲೆ ವಾಪಸ್ ಕೇಳುತ್ತೆ. ಕೊಟ್ಟಿದ್ದು ಬರ್ಲಿಲ್ಲ ಅಂದ್ರೆ ಅವನೇ ಕಳ್ಳ."

ನಾನು ಉಪ್ಪಿಟ್ಟಿನ ಹುಡುಗನನ್ನು ನೆನೆದು ಬೆವರಿದೆ. ಪರದೆ ಕಳ್ಳನನ್ನು ತೋರಿಸಿತು: ಮೊದಲ ಸಾಲು, ಐದನೆಯದು. ಅತ್ತೆ ಅದನ್ನು ಮೆಲ್ಲಗೆ ಎಬ್ಬಿಸಿದರು. ಕೆಳಗಿನ ಸಾಕೆಟ್ಟಿನಲ್ಲಿ ಗಂಧ ಕಲಸಿದ ಕುಂಕುಮ ಕೆಸರಾಗಿ ಕೂತಿತ್ತು.

"ಏನಮ್ಮಾ ಅದು, ಕೆಂಪಗೆ?"

ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಲೆ ಎತ್ತದೆ ಹೇಳಿದರು: "ಕುಂಕುಮ. ಅವತ್ತು ನಾನೇ ಇಟ್ಟೆ. ಇವನ ಹತ್ರ ಹಟ ಮಾಡಿ ಮುಚ್ಚಳ ತೆಗೆಸ್ದೆ. ಎಷ್ಟೋ ವರ್ಷ ಆಗಿತ್ತು ಅದನ್ನ ಮುಟ್ಟಿ... ಆಸೆ ಆಯ್ತು."

ಮಾಲೀಕರು ಅತ್ತೆಯ ಬರಿ ಹಣೆಯನ್ನು ನೋಡಿದರು, ಕಿಟಕಿಯ ಕಡೆ ತಿರುಗಿಕೊಂಡರು. "ಹೋಗ್ಲಿ ಬಿಡಮ್ಮಾ, ಹೋಗ್ಲಿ ಬಿಡಿ" ಎಂದರಷ್ಟೆ. ಅತ್ತೆ ಸ್ಪಿರಿಟ್ಟಿನಲ್ಲಿ ಸಾಕೆಟ್ ಒರೆಸಿ ಚಿಪ್ಪನ್ನು ಮತ್ತೆ ಕೂರಿಸಿದರು. ಮೂವತ್ತಾರೂ ಪಾಸು. ಇಷ್ಟಾದರೂ ಜವಾಬ್ದಾರಿಯ ಮನುಷ್ಯನಾದ ನಾನು ಬಾಯಿ ಬಿಟ್ಟೆನೇ? ಇಲ್ಲ. ಪೆಟ್ಟಿಗೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿಮಾಡುತ್ತಿದ್ದೆ.

ಮನೆಗೆ ನಡೆಯುವಾಗ, "ನನಗೋಸ್ಕರ ಸುಳ್ಳು ಹೇಳ್ಬಿಟ್ರಲ್ಲ ಅತ್ತೆ" ಎಂದೆ.

"ಇಟ್ಟೆ ಅಂದಿದ್ದು ಸುಳ್ಳು ಕಣೋ. ಆಸೆ ಆಯ್ತು ಅಂದಿದ್ದು ಸುಳ್ಳಲ್ಲ" ಎಂದು ಅತ್ತೆ ಸರಸರನೆ ಮುಂದೆ ಹೋದರು. ಒಂದೇ ಮನೆಯಲ್ಲಿ ಬೆಳೆದವನು ನಾನು. ಅವರಿಗೇನು ಆಸೆ ಎಂದು ಒಂದು ದಿನವಾದರೂ ಕೇಳಿದ್ದೆನೇ? ರಸ್ತೆಯಲ್ಲೇ ಅಳು ಬಂತು.

ಮುಂದಿನ ಆಯುಧಪೂಜೆಯಲ್ಲಿ ಕುಂಕುಮದ ಬಟ್ಟಲನ್ನು ಬಾಗಿಲ ಪಕ್ಕದ ಕುರ್ಚಿಗೆ ಒಯ್ದು ಅತ್ತೆಯ ಮುಂದೆ ಹಿಡಿದೆ. ಅವರು ಮಾಲೀಕರ ಕಡೆ ನೋಡಿದರು. ಮಾಲೀಕರು ಪಕ್ಕಕ್ಕೆ ಸರಿದು, "ಬನ್ನಿ ಅಮ್ಮಾ" ಎಂದರು. ಅತ್ತೆ ಎದ್ದು ಬಂದು, ಉಂಗುರದ ಬೆರಳಿನಲ್ಲಿ ಪೆಟ್ಟಿಗೆಯ ಮೇಲೆ ಒಂದೇ ಒಂದು ಬೊಟ್ಟು ಇಟ್ಟರು. ಬಹಳ ಹೊತ್ತು ಅದನ್ನೇ ನೋಡಿ, ನನ್ನ ಕಡೆ ತಿರುಗಿ ಹೇಳಿದರು:

"ನೋಡ್ಕೋ. ಮುಚ್ಚಳದ ಮೇಲೆ ಇಡ್ಬೇಕು. ಒಳಗಲ್ಲ."